ಹೆಜ್ಜೆ ಮಡಚದ ಹುಡುಗಿ

ಕಬಡ್ಡಿ ರೈಡರನ್ನು ಅಳೆಯಬೇಕಾದರೆ ಆಟ ನೋಡಬಾರದು, ಆಟ ಮುಗಿದ ಮೇಲೆ ಅಂಕಣ ನೋಡಬೇಕು ಎಂದು ಮೂವತ್ತೈದು ವರ್ಷ ಹೇಳಿಕೊಂಡು ಬಂದವಳು ನಾನು. ಸಂಜೆ ಆಟ ಮುಗಿಸಿ ಕಾಲೇಜಿನ ಹುಡುಗಿಯರು ಬೆವರು ಒರೆಸಿಕೊಳ್ಳುತ್ತಾ ಬೇವಿನ ಮರದ ಕೆಳಗೆ ಹೋಗಿ ಕೂತರೆ, ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕನ್ನಡಕ ಏರಿಸಿ, ಎದುರಾಳಿಗಳ ಅರ್ಧದಲ್ಲಿ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಮಣ್ಣು ಒರೆಸಿದ ಹಲಗೆಯ ಹಾಗೆ ಸಾಫಾಗಿದ್ದರೆ ರೈಡರ್ ಒಳ್ಳೆಯವಳು. ಹೆಜ್ಜೆ ಉಳಿದಿದ್ದರೆ, ಅದು ಯಾರದೋ ಅವಳನ್ನು ಕರೆದು ಎಲ್ಲರೆದುರು ಮಂಗಳಾರತಿ ಎತ್ತುತ್ತಿದ್ದೆ.

ನಮ್ಮೂರಿನಲ್ಲಿ ಹೋದ ಹೆಜ್ಜೆ ಅಳಿಸುವುದಿಲ್ಲ. ಹೋದವರು ಅದೇ ಹೆಜ್ಜೆಯ ಮೇಲೆ ಕಾಲಿಟ್ಟು ವಾಪಸು ಬಂದರೆ ಮಾತ್ರ ಮಣ್ಣು ಅದನ್ನು ಬಿಟ್ಟುಕೊಡುತ್ತದೆ. ಮಳೆ ಹೊಡೆದರೂ, ಲಾರಿ ಹಾದರೂ, ಪುರಸಭೆಯವರು ಮೇಲೆ ಟಾರು ಸುರಿದರೂ ಮಾರನೆಯ ಬೆಳಿಗ್ಗೆ ಹೆಜ್ಜೆ ಎದ್ದು ಕೂತಿರುತ್ತದೆ. ಬಂದ ಹೆಜ್ಜೆಗೆ ಈ ಹಟವಿಲ್ಲ. ಮನೆ ಕಡೆಗೆ ಬಂದದ್ದು ಎಲ್ಲ ಊರುಗಳಲ್ಲಿ ಆಗುವ ಹಾಗೆ ಗಾಳಿಗೆ ಹಾರಿಹೋಗುತ್ತದೆ. ಹೋದದ್ದನ್ನು ಬಂದು ಅಳಿಸುವುದಕ್ಕೆ ನಾವು ಹೆಜ್ಜೆ ಮಡಚುವುದು ಅನ್ನುತ್ತೇವೆ. ಮಕ್ಕಳು ಊಟಕ್ಕೆ ಕೂತಾಗ ಕೈ ತೊಳೆದೆಯಾ ಎಂದು ಕೇಳುವುದಕ್ಕೂ ಮುಂಚೆ ಮಡಚಿದೆಯಾ ಎಂದು ಕೇಳುತ್ತೇವೆ. ಅಂಚೆಯವನು ಕೊನೆಯ ಮನೆಗೆ ಕಾಗದ ಕೊಟ್ಟು ಒಂದೊಂದೇ ಮನೆಯ ಮುಂದೆ ಹಾದು ಹಿಂದಕ್ಕೆ ಬರುವುದರಿಂದ, ಉತ್ತರ ಬರೆದಿಟ್ಟುಕೊಂಡವರು ಅವನ ಕೈಗೇ ಕೊಟ್ಟುಬಿಡುತ್ತಾರೆ. ಮದುವೆಯಾಗಿ ಹೋದ ಹುಡುಗಿಯ ಹೆಜ್ಜೆ ತವರಿನ ಬಾಗಿಲಲ್ಲಿ ಮೊದಲ ಹಬ್ಬದವರೆಗೂ ಇರುತ್ತದೆ. ಅದರ ಸುತ್ತ ತಾಯಿ ರಂಗೋಲಿ ಹಾಕುತ್ತಾಳೆ. ಸತ್ತವರ ಹೆಜ್ಜೆ ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ಹೆಜ್ಜೆ ಇದ್ದರೆ ಮನುಷ್ಯ ಎಲ್ಲೋ ಇದ್ದಾನೆ ಎಂದು ಲೆಕ್ಕ. ಇಂಥ ಊರಿನಲ್ಲಿ ಒಬ್ಬರ ಹೋದ ಹೆಜ್ಜೆಯ ಮೇಲೆ ಇನ್ನೊಬ್ಬರು ನಿಲ್ಲಬಾರದು ಎಂಬುದು ಯಾರೂ ಹೇಳಿಕೊಡಬೇಕಾಗಿಲ್ಲದ ಮರ್ಯಾದೆ. ದಾಟಿ ಹೋಗಬಹುದು, ನಿಲ್ಲಬಾರದು. ಪಾಪ, ಅವರು ವಾಪಸು ಬರಬೇಕಲ್ಲ.

ಈ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಮೇಡಂ. ಹೆಸರು ದಾಕ್ಷಾಯಣಿ, ವಯಸ್ಸು ಐವತ್ತೊಂಬತ್ತು, ನಿವೃತ್ತಿಗೆ ಎಂಟು ತಿಂಗಳಿತ್ತು. ಹೊರಗಿನ ಒಂದು ದೊಡ್ಡ ಲೀಗ್ ತಂಡಕ್ಕೆ ಎರಡು ವರ್ಷಕ್ಕೊಮ್ಮೆ ಒಬ್ಬ ರೈಡರಿನ ಹೆಸರು ಕಳಿಸುವ ಕೆಲಸವೂ ನನ್ನದೇ. ಆ ತಂಡದ ಆಯ್ಕೆಗಾರ ಭೋಜ ಶೆಟ್ಟರು ಕರಾವಳಿ ಕಡೆಯವರು. ಒಂದು ಕಾಲದಲ್ಲಿ ಒಳ್ಳೆಯ ಡಿಫೆಂಡರ್, ಈಗ ಮಂಡಿ ನೋವಿನ ಮನುಷ್ಯ. ನನ್ನ ಮಾತಿನ ಮೇಲೆ ಅವರು ನಾಲ್ಕು ಹುಡುಗಿಯರನ್ನು ತೆಗೆದುಕೊಂಡಿದ್ದರು. ನಾಲ್ವರೂ ಒಂದೊಂದು ಋತು ಆಡಿ ಮನೆಗೆ ಬಂದಿದ್ದರು. ಆ ಸೋಮವಾರ ಬೆಳಿಗ್ಗೆ ಶೆಟ್ಟರ ಫೋನು ಬಂತು.

"ಎಂತ ಮಾರಾಯ್ರೆ ಮೇಡಂ ಇದು? ನಿಮ್ಮ ಊರಿನ ಮಕ್ಕಳು ಚಂದ ಹೋಗ್ತಾರೆ, ಚಂದ ಮುಟ್ತಾರೆ. ವಾಪಸ್ ಬರುವಾಗ ಮಾತ್ರ ಬುಟ್ಟಿಗೆ ಬಿದ್ದ ಮೀನು. ನಾಲ್ಕೂ ಜನ ಹಾಗೇ. ಮೇಲಿನವರು ನಿಮ್ಮ ಊರಿನ ಹೆಸರು ಪಟ್ಟಿಯಿಂದ ತೆಗೀರಿ ಅಂತ ಹೇಳ್ತಿದ್ದಾರೆ. ನಾನು ಇನ್ನೊಂದು ಸಲ ಅಂತ ಕೇಳಿಕೊಂಡಿದ್ದೇನೆ. ಶುಕ್ರವಾರದ ಒಳಗೆ ಒಂದೇ ಒಂದು ಹೆಸರು ಕೊಡಿ. ಇದು ಕೊನೇದು, ಆಯ್ತಾ?"

ಫೋನು ಇಟ್ಟು ಸಿಟ್ಟಿನಿಂದ ಎರಡು ಲೋಟ ನೀರು ಕುಡಿದೆ. ವಾಪಸು ಬರುವಾಗ ಸಿಕ್ಕಿಬೀಳುತ್ತಾರಂತೆ! ವಾಪಸು ಬರುವುದರಲ್ಲಿ ನಮ್ಮೂರನ್ನು ಮೀರಿಸುವವರುಂಟೇ? ನಾವು ಹುಟ್ಟಿದಾಗಿನಿಂದ ಮಾಡುತ್ತಿರುವುದೇ ಅದನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತನ್ನು ಶೆಟ್ಟರ ತಂಡಕ್ಕೆ ಹೊಂದಿಸಿಕೊಂಡು ಸಮಾಧಾನ ಮಾಡಿಕೊಂಡೆ. ಅದು ಯಾರಿಗೆ ಹೊಂದುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಆ ಸಲ ಮೂವರು ಇದ್ದರು. ನನ್ನ ನೋಟುಬುಕ್ಕಿನಲ್ಲಿ ಕಾಲಿನ ಚುರುಕು, ಕೈ ಚಾಚು, ಉಸಿರು, ಕಣ್ಣು ಎಂದು ನಾಲ್ಕು ಕಲಮು, ಒಂದೊಂದಕ್ಕೂ ಹತ್ತು ಅಂಕ. ಐದನೆಯದು ಹಿಂತಿರುಗುವಿಕೆ, ಅದಕ್ಕೆ ಮಾತ್ರ ಇಪ್ಪತ್ತು. ರೇಷ್ಮಾ ಬಾನು ಎತ್ತರದ ಹುಡುಗಿ, ನಿಂತಲ್ಲಿಂದ ಕಾಲು ಚಾಚಿದರೆ ಮೂಲೆಯ ಡಿಫೆಂಡರಿನ ಹೆಗಲಿಗೆ ತಾಗುತ್ತಿತ್ತು. ಆದರೆ ಉಸಿರು ಸಾಲದು, ಕಬಡ್ಡಿ ಕಬಡ್ಡಿ ಎನ್ನುವ ಧ್ವನಿ ಇಪ್ಪತ್ತನೆಯ ಸೆಕೆಂಡಿಗೆ ಬಿರುಕು ಬಿಡುತ್ತಿತ್ತು. ಪಲ್ಲವಿ ಎರಡನೆಯ ವರ್ಷದವಳು, ಸಣ್ಣ ಆಳು, ನನ್ನ ಕಣ್ಣಿನ ಗೊಂಬೆ. ಹೋಗುವಾಗ ಏಳು ಹೆಜ್ಜೆ ಇಟ್ಟರೆ ಬರುವಾಗ ಅದೇ ಏಳರ ಮೇಲೆ ಕಾಲು. ಮೂವತ್ತು ರೈಡ್ ಮಾಡಿ ಹೋದ ಮೇಲೂ ಅಂಕಣದಲ್ಲಿ ಅವಳು ಬಂದಿದ್ದಳು ಎಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಹಿಂತಿರುಗುವಿಕೆಯಲ್ಲಿ ನಾನು ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟದ್ದು ಅವಳೊಬ್ಬಳಿಗೇ.

ಮೂರನೆಯವಳು ಹುಲಿಗೆಮ್ಮ. ಎಲ್ಲರ ಬಾಯಲ್ಲಿ ಹುಲಿಗಿ. ಅವಳ ತಾಯಿ ಈರಮ್ಮ ಅಂಚೆ ಕಚೇರಿಯ ಎದುರು ತಳ್ಳುಗಾಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಇಸ್ತ್ರಿ ಮಾಡಿದ್ದನ್ನು ಮನೆಮನೆಗೆ ಮುಟ್ಟಿಸುವುದು ಹುಲಿಗಿಯ ಕೆಲಸ. ಬೆಳಿಗ್ಗೆ ಕಾಲೇಜಿನ ಗಂಟೆ ಹೊಡೆಯುವುದರೊಳಗೆ ಇಪ್ಪತ್ತು ಮನೆ ಮುಗಿಸಬೇಕಾದವಳಿಗೆ ಒಂದೊಂದು ಮನೆಯಿಂದ ಹಿಂದಕ್ಕೆ ಬಂದು ಹೆಜ್ಜೆ ಮಡಚುತ್ತಾ ಕೂರಲು ಪುರುಸೊತ್ತು ಎಲ್ಲಿ? ಈ ಸಂದಿಯಲ್ಲಿ ನುಗ್ಗಿ ಆ ಹಿತ್ತಲಲ್ಲಿ ಹೊರಟು, ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು. ವಾರವೆಲ್ಲ ಊರ ತುಂಬ ಅವಳ ಬರಿಗಾಲಿನ ಹೆಜ್ಜೆಗಳು ಒಗೆಯದ ಬಟ್ಟೆಯ ಹಾಗೆ ಬಿದ್ದಿರುತ್ತಿದ್ದವು. ಭಾನುವಾರ ಒಂದು ದಿನ ಪೂರ್ತಿ ಕೂತವರನ್ನೂ ನಿಂತವರನ್ನೂ ಮಾತಾಡಿಸುತ್ತಾ ಎಲ್ಲವನ್ನೂ ಮಡಚಿಕೊಂಡು ಬರುವಳು. ಮನೆಯಲ್ಲಿ ಯಾವ ಮಗು ಸಾಮಾನು ಹರಡಿದರೂ "ಏನೇ ಇದು, ಹುಲಿಗಿ ಹೆಜ್ಜೆ!" ಎಂದು ಬೈಯುವುದು ನಮ್ಮ ಊರಿನ ರೂಢಿಯೇ ಆಗಿಹೋಗಿತ್ತು. ಅಂಕಣದಲ್ಲೂ ಅದೇ ಕಥೆ. ನೇರ ನುಗ್ಗಿ, ಮುಟ್ಟಿ, ಎಡಕ್ಕೋ ಬಲಕ್ಕೋ ಎಲ್ಲಿ ಜಾಗ ಕಂಡರೆ ಅಲ್ಲಿಂದ ಹಾರಿ ಬರುವಳು. ಆಟ ಮುಗಿದಾಗ ಎದುರಾಳಿಗಳ ಅರ್ಧ ಕೋಳಿ ಕೆದರಿದ ತಿಪ್ಪೆ. ಹಿಂತಿರುಗುವಿಕೆ: ಸೊನ್ನೆ. ಸೊನ್ನೆಯ ಸುತ್ತ ಕೆಂಪು ಗೆರೆಯನ್ನೂ ಎಳೆದಿದ್ದೆ.

ಮಂಗಳವಾರ ಸಂಜೆ ನಲ್ಲಿಯ ಹತ್ತಿರ ಅವಳು ನನ್ನನ್ನು ತಡೆದಳು. ಮುಖ ತೊಳೆದು ಹಾಗೇ ನೀರು ಸುರಿಸಿಕೊಂಡು ನಿಂತಿದ್ದಳು.

"ಮೇಡಂ, ನನ್ ಹೆಸ್ರು ಕಳಿಸ್ತೀರಾ?"

"ಯಾವ ಮುಖ ಇಟ್ಕೊಂಡು ಕಳಿಸ್ಲಿ? ಅಂಕಣ ನೋಡ್ಕೊಂಡು ಬಾ ಹೋಗು."

"ನಾನು ಔಟಾಗಿಲ್ವಲ್ಲ ಮೇಡಂ. ಈ ವರ್ಷ ಒಂದ್ಸಲಾನೂ ಸಿಕ್ಕಿಲ್ಲ."

"ಔಟಾಗದೇ ಇರೋದೇ ಆಟ ಅಲ್ಲ ಕಣೇ. ಅಚ್ಚುಕಟ್ಟು ಅಂತ ಒಂದು ಐತೆ."

ಅವಳು ತಲೆ ಬಗ್ಗಿಸಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರುತ್ತಿದ್ದುದೂ ಅದಕ್ಕೇ. "ನಂದು ಕೊನೇ ವರ್ಷ ಮೇಡಂ," ಅಂದಳು. "ಪರೀಕ್ಷೆ ಮುಗಿದ್ರೆ ಕಾಲೇಜಿಲ್ಲ. ಕಾಲೇಜಿಲ್ದೆ ಇದ್ರೆ ಆಟ ಇಲ್ಲ. ಆಮೇಲೆ ಇಸ್ತ್ರಿ ಪೆಟ್ಟಿಗೆನೇ. ಇಸ್ತ್ರಿ ಪೆಟ್ಟಿಗೆ ಕೆಟ್ಟದು ಅಂತ ನಾನ್ ಹೇಳ್ತಿಲ್ಲ, ನಮ್ಮವ್ವ ಅದ್ರಾಗೇ ನನ್ನ ಸಾಕಿದ್ಲು. ಆದ್ರೆ ನಂಗೆ ಆಡ್ಬೇಕು. ಅಷ್ಟೇ ಮೇಡಂ." ಮುಖ ಒರೆಸಿಕೊಂಡು ಹೋದಳು. ಹೋಗುವಾಗಲೂ ಗೇಟಿನಿಂದ ಹೋಗದೆ ಗೋಡೆ ಹಾರಿದಳು.

ಹಿಂತಿರುಗುವಿಕೆಗೆ ನಾನು ಇಪ್ಪತ್ತು ಅಂಕ ಇಟ್ಟದ್ದು ಸುಮ್ಮನೆ ಅಲ್ಲ. ನಮ್ಮ ಮನೆ ಹೂವಿನ ಬೀದಿಯಲ್ಲಿದೆ. ಮನೆಯ ಹೊಸಿಲಿನಿಂದ ಬಸ್ ನಿಲ್ದಾಣದವರೆಗೆ ಆ ಬೀದಿಯ ನಟ್ಟನಡುವೆ ಆರುನೂರ ಹನ್ನೆರಡು ಹೆಜ್ಜೆಗಳಿವೆ. ಕ್ಯಾನ್ವಾಸ್ ಬೂಟಿನವು, ಎಡಗಾಲಿನ ಹಿಮ್ಮಡಿಯಲ್ಲಿ ಸಣ್ಣ ಹರುಕು. ಅವು ನನ್ನವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಾಜ್ಯ ತಂಡದ ಆಯ್ಕೆಗೆಂದು ಹೊರಗಿನ ಪಟ್ಟಣಕ್ಕೆ ಹೊರಟಾಗ ಮೂಡಿದವು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ಕಳಿಸಿಕೊಟ್ಟಿದ್ದರು, ಹೂವು ಕಟ್ಟುವವರು ಒಂದೊಂದು ಮೊಳ ಮುಡಿಸಿದ್ದರು. ಅಲ್ಲಿ ಮೊದಲ ರೈಡಿನಲ್ಲೇ ಇಬ್ಬರನ್ನು ಮುಟ್ಟಿದೆ. ತಿರುಗಿ ನನ್ನ ಹೆಜ್ಜೆ ಎಲ್ಲಿ ಎಂದು ನೋಡಿದರೆ, ಆ ಊರಿನ ಮಣ್ಣಿನಲ್ಲಿ ಎಲ್ಲರ ಹೆಜ್ಜೆಯೂ ಕಲಸಿಹೋಗಿತ್ತು. ಅರೆಕ್ಷಣ ಹುಡುಕಿದ್ದೇ ತಡ, ಯಾರೋ ಕಣಕಾಲು ಹಿಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ಸೋತ ಮುಖ ಹೊತ್ತು ಹೂವಿನ ಬೀದಿಯಲ್ಲಿ ಬರಲು ನನಗೆ ನಾಚಿಕೆಯಾಯಿತು. ಬಸ್ಸಿಳಿದು ಕೆರೆಯ ದಾರಿ ಹಿಡಿದು, ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ.

ಅವತ್ತಿನಿಂದ ಆ ಹೆಜ್ಜೆಗಳು ಹಾಗೇ ಇವೆ. ನಾನು ಹೊರಗೆ ಹೋಗುವುದೂ ಬರುವುದೂ ಹಿತ್ತಲಿನಿಂದಲೇ. ಬೀದಿಯ ಮಕ್ಕಳು ಅವುಗಳ ಪಕ್ಕದಲ್ಲಿ ಕುಂಟೆಬಿಲ್ಲೆ ಆಡುತ್ತಾರೆ. ಹೂವು ಮಾರುವವರು ಬುಟ್ಟಿ ಇಡುವಾಗ "ಏ, ಮೇಡಮ್ಮೋರ ಹೆಜ್ಜೆ, ಈಚೆಗಿಡು" ಅನ್ನುತ್ತಾರೆ. ಯಾರೂ ನನ್ನನ್ನು ಕೇಳಲಿಲ್ಲ. ನನ್ನ ಕಾಲು ಇನ್ನಷ್ಟು ಪಳಗಿದ್ದರೆ, ಇನ್ನಷ್ಟು ಅಚ್ಚುಕಟ್ಟಾಗಿ ಹಿಂತಿರುಗಲು ಕಲಿತಿದ್ದರೆ ಗೆಲ್ಲುತ್ತಿದ್ದೆ ಎಂದು ನಂಬಿಕೊಂಡೆ. ಆ ನಂಬಿಕೆಯನ್ನೇ ಮೂವತ್ತೈದು ವರ್ಷ ಹುಡುಗಿಯರಿಗೆ ಕಲಿಸಿದೆ.

ಬುಧವಾರ ಮಧ್ಯಾಹ್ನ ಪಲ್ಲವಿಯ ಹೆಸರು ಬರೆದ ಕಾಗದವನ್ನು ಅಂಚೆಗೆ ಹಾಕಲು ಹೊರಟಿದ್ದೆ. ಜವಳಿ ಅಂಗಡಿಯ ಹಿಂದಿನ ಗೋಡೆಯ ಪಕ್ಕ ಪೇದೆ ಎಲ್ಲಪ್ಪ ಕಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಅವನ ಮುಂದೆ ಗೋಡೆಯ ಕಡೆ ಮುಖ ಮಾಡಿದ ಯಾರದೋ ಚಪ್ಪಲಿಯ ಹೆಜ್ಜೆಗಳಿದ್ದವು.

"ಏನಪ್ಪಾ ಇಲ್ಲಿ? ಡ್ಯೂಟಿ ಇಲ್ವಾ?"

"ಡ್ಯೂಟಿ ಮೇಲೇ ಇದೀನಿ ಮೇಡಂ. ಕಳ್ಳ ಒಳಗವ್ನೆ."

"ಮತ್ತೆ ಹೋಗಿ ಹಿಡಿಯೋದ್ ಬಿಟ್ಟು ಕಡ್ಲೆಕಾಯಿ ತಿಂತಾ ಕೂತಿದ್ದೀಯಲ್ಲೋ!"

ಎಲ್ಲಪ್ಪ ನನ್ನನ್ನು ಕನಿಕರದಿಂದ ನೋಡಿದ. "ಓಡೋಡಿ ಹಿಡಿಯಾಕೆ ನಂಗೇನ್ ಹುಚ್ಚಾ ಮೇಡಂ? ಹೋದ ದಾರೀಲೇ ಬರ್ಬೇಕಲ್ಲ ಅವ್ನು. ಇಪ್ಪತ್ತೆರಡು ವರ್ಷ ಸರ್ವೀಸು, ಒಂದಿನಾನೂ ಓಡಿಲ್ಲ ನಾನು. ಹೆಜ್ಜೆ ಮೇಲೆ ಮಾತ್ರ ಕೂರಲ್ಲ, ಅದು ತಪ್ಪು. ಒಂದ್ ಮೊಳ ಈಚೆಗೆ ಕೂತ್ರೆ ಸಾಕು." ಅಷ್ಟರಲ್ಲಿ ಗೋಡೆಯ ಮೇಲೆ ಒಂದು ಗಂಟು, ಅದರ ಹಿಂದೆ ಒಂದು ತಲೆ ಕಾಣಿಸಿತು. ಕಳ್ಳ ಎಲ್ಲಪ್ಪನನ್ನು ನೋಡಿ "ಅಯ್ಯೋ ಸ್ವಾಮಿ" ಅಂದವನು, ಆಚೆ ಹಾರಿ ತಪ್ಪಿಸಿಕೊಳ್ಳದೆ, ಕಾಲಿಟ್ಟು ಕಾಲಿಟ್ಟು ತನ್ನ ಹೆಜ್ಜೆಗಳ ಮೇಲೇ ಇಳಿದು ಬಂದು ಕೈ ಮುಂದೆ ಮಾಡಿದ. ಎಲ್ಲಪ್ಪ ಅವನಿಗೂ ನಾಲ್ಕು ಕಡಲೆಕಾಯಿ ಕೊಟ್ಟ.

ನಾನು ಅಲ್ಲೇ ನಿಂತುಬಿಟ್ಟೆ. ಬಿಸಿಲು ನೆತ್ತಿಯ ಮೇಲಿತ್ತು, ಕೈಯಲ್ಲಿ ಕಾಗದವಿತ್ತು. ಎಷ್ಟೋ ಹೊತ್ತು ಬೀದಿ ಎಲ್ಲ ನೀರೊಳಗಿನಿಂದ ನೋಡಿದ ಹಾಗೆ ಕಾಣುತ್ತಿತ್ತು. ಆಮೇಲೆ ಅಂಚೆ ಕಚೇರಿಗೆ ಹೋಗದೆ ಕೆರೆಯ ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಹೋದೆ. ಅಲ್ಲಿ ವಿಚಾರಣೆಯ ಕಿಟಕಿಯಲ್ಲಿ ರತ್ನಮಾಲಾ ಕೂರುತ್ತಾಳೆ. ನಾನು ಲೀಗಿಗೆ ಕಳಿಸಿದ ನಾಲ್ವರಲ್ಲಿ ಕೊನೆಯವಳು.

"ಅಲ್ಲಿ ನೀನು ಹೇಗೆ ಸಿಕ್ಕಿಬೀಳ್ತಿದ್ದೆ? ನಿಜ ಹೇಳು," ಅಂದೆ.

ಅವಳು ಬಸ್ಸಿನ ಸಮಯ ಕೇಳಿದವರಿಗೆ ಉತ್ತರ ಹೇಳಿ ಕಳಿಸಿ, ಕಿಟಕಿಯ ಸರಳು ಹಿಡಿದುಕೊಂಡಳು. "ಈಗ ಕೇಳ್ತೀರಾ ಮೇಡಂ? ಎರಡು ವರ್ಷ ಆದ್ಮೇಲೆ? ಅಲ್ಲಿ ನೆಲಕ್ಕೆ ಮ್ಯಾಟು ಹಾಸಿರ್ತಾರೆ. ಹೆಜ್ಜೆನೇ ಮೂಡಲ್ಲ. ಮುಟ್ಟಿದ ಮೇಲೆ ಎಲ್ಲಿಂದ ಬಂದೆ ಅಂತ ಕೆಳಗೆ ನೋಡ್ತಿದ್ದೆ. ಏನೂ ಇಲ್ಲ. ನೆನಪಿನಾಗೆ ಅದೇ ದಾರಿ ಹಿಡಿದ್ರೆ ಅಲ್ಲಿ ಇಬ್ಬರು ಬಂದು ನಿಂತಿರ್ತಿದ್ರು. ನಮ್ಮೂರಾಗೆ ಯಾರಾದ್ರೂ ಹಂಗೆ ನಿಲ್ತಾರಾ ಮೇಡಂ? ಒಬ್ಬರು ಬಂದ ದಾರೀಲಿ? ಅವ್ರಿಗೆ ನಾಚ್ಕೆನೇ ಇಲ್ಲ."

"ಮತ್ತೆ ಯಾಕೆ ನನಗೆ ಹೇಳಲಿಲ್ಲ?"

"ನನ್ನ ಕಾಲೇ ಸರಿಯಿಲ್ಲ ಅಂದ್ಕೊಂಡೆ. ನೀವು ಹಂಗೇ ತಾನೆ ಹೇಳ್ತಿದ್ದಿದ್ದು."

ನನಗೆ ಅಳು ಬಂತು. ಬಂದದ್ದನ್ನು ಮುಚ್ಚಿಡಲಿಲ್ಲ. ತಪ್ಪು ನಿನ್ನದಲ್ಲ ಕಣೇ, ನನ್ನದು ಎಂದು ಕಿಟಕಿಯಲ್ಲಿ ಕೈ ತೂರಿಸಿ ಅವಳ ಕೈ ಹಿಡಿದುಕೊಂಡೆ. ಹಿಂದೆ ಸಾಲಿನಲ್ಲಿ ನಿಂತವರು ಯಾವುದೋ ಬಸ್ಸು ತಪ್ಪಿತೆಂದು ಮೇಡಂ ಅಳುತ್ತಿದ್ದಾರೆ ಎಂದು ನನಗೆ ಸಮಾಧಾನ ಹೇಳಿದರು.

ಗುರುವಾರ ಸಂಜೆ ಅಂಕಣದಲ್ಲಿ ಡಿಫೆಂಡರ್ ಹುಡುಗಿಯರನ್ನು ಕರೆದು, ರೈಡರ್ ಒಳಗೆ ಬಂದ ಕೂಡಲೇ ಅವಳ ಹೆಜ್ಜೆಯ ಮೇಲೆ ಹೋಗಿ ನಿಲ್ಲಿ ಅಂದೆ. ಏಳೂ ಜನ ಹಿಂದಕ್ಕೆ ಸರಿದರು. "ಬೇಡ ಮೇಡಂ, ಪಾಪ ಬರುತ್ತೆ" ಅಂದಳು ಒಬ್ಬಳು. "ನಮ್ಮಮ್ಮಂಗೆ ಗೊತ್ತಾದ್ರೆ ಕಾಲು ಮುರೀತಾಳೆ" ಅಂದಳು ಇನ್ನೊಬ್ಬಳು. ಪಾಪ ಬಂದರೆ ನನಗೇ ಬರಲಿ ಎಂದು ಸೀರೆ ಕಚ್ಚೆ ಹಾಕಿ ನಾನೇ ಅಂಕಣಕ್ಕೆ ಇಳಿದೆ. ಬೇವಿನ ಮರದ ಕೆಳಗೆ ಕೂತವರೆಲ್ಲ ಎದ್ದು ನಿಂತರು.

ಮೊದಲು ಪಲ್ಲವಿ ಬಂದಳು. ಎಷ್ಟು ಚಂದ ಬಂದಳು! ಏಳು ಹೆಜ್ಜೆ, ಏಳರಲ್ಲೂ ಒಂದೇ ಅಳತೆ. ಮೂಲೆಯವಳ ಬೆರಳ ತುದಿ ಮುಟ್ಟಿದಳು. ಅಷ್ಟರಲ್ಲಿ ನಾನು ಅವಳ ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆಯ ಮೇಲೆ ಕಾಲಿಟ್ಟು ನಿಂತೆ. ಕಾಲ ಕೆಳಗಿನ ಮಣ್ಣು ಬೆಚ್ಚಗಿತ್ತು, ಯಾರದೋ ಹಾಸಿಗೆಯ ಮೇಲೆ ಕೂತ ಹಾಗೆ ಮುಜುಗರವಾಯಿತು. ಪಲ್ಲವಿ ಕಣ್ಣು ನೆಲಕ್ಕಿಟ್ಟು ಏಳು, ಆರು, ಐದು ಎಂದು ಮಡಚಿಕೊಂಡು ಬಂದು ನೇರ ನನ್ನ ತೋಳಿನೊಳಗೆ ಬಿದ್ದಳು. ನಾನು ಹಿಡಿದುಕೊಳ್ಳಬೇಕಾಗಿಯೂ ಬರಲಿಲ್ಲ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಮ್ಮ ಸುಮ್ಮಸುಮ್ಮನೆ ಹೊಡೆದಾಗ ಮಗು ನೋಡುವ ನೋಟವಿತ್ತು. ಇನ್ನೊಂದು ಸಲ ಮಾಡಿದೆವು, ಅದೇ ಆಯಿತು.

ಆಮೇಲೆ ಹುಲಿಗಿ. ಗೆರೆ ದಾಟಿದ್ದೇ ನುಗ್ಗಿದಳು. ಮುಟ್ಟಿ ತಿರುಗಿದಳು. ಅವಳ ಹೆಜ್ಜೆಯ ಮೇಲೆ ನಾನು ತೋಳು ಚಾಚಿ ನಿಂತಿದ್ದೆ. ಅವಳು ನೆಲ ನೋಡಲೇ ಇಲ್ಲ, ನನ್ನನ್ನು ನೋಡಿದಳು. ನನ್ನ ಬಲ ಹೆಗಲು ಒಂದು ಎಳೆ ಮುಂದಿದ್ದುದನ್ನು ನೋಡಿದಳು, ಎಡಗಡೆ ಒಂದು ತಳ್ಳುಗಾಡಿ ದಾಟುವಷ್ಟು ಜಾಗ ಇದ್ದುದನ್ನು ನೋಡಿದಳು. ಕಬಡ್ಡಿ ಕಬಡ್ಡಿ ಎಂಬ ಧ್ವನಿ ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ನಾನು ಗಾಳಿಯನ್ನು ತಬ್ಬಿಕೊಂಡು ಮೊಣಕಾಲೂರಿ ಬಿದ್ದೆ. "ಅಯ್ಯೋ ಮೇಡಂ, ಏಟಾಯ್ತಾ?" ಎಂದು ಅವಳು ನಡುಗೆರೆಯ ಆಚೆಯಿಂದ ಕೇಳಿದಳು. ಐದು ಸಲ ಮಾಡಿಸಿದೆ. ಆಮೇಲೆ ಡಿಫೆಂಡರ್ ಹುಡುಗಿಯರೂ ನಾಚಿಕೆ ಬಿಟ್ಟು ಇಬ್ಬಿಬ್ಬರಾಗಿ ನಿಂತರು. ಒಂದು ಸಲ ಮಾತ್ರ ಸಿಕ್ಕಳು, ಅದೂ ಜಡೆಯಿಂದಾಗಿ. ಲೀಗಿನಲ್ಲಿ ಜಡೆ ಹಿಡಿದರೆ ತಪ್ಪು.

ಎಲ್ಲರೂ ಹೋದ ಮೇಲೆ ಅಂಕಣದಲ್ಲಿ ಬಗ್ಗಿ ಅವಳ ಹೆಜ್ಜೆಗಳನ್ನು ನೋಡಿದೆ. ಮೂರು ವರ್ಷ ನೋಡಿದ್ದವೇ, ಗಲೀಜು ಎಂದು ಬೈದಿದ್ದವೇ. ಈಗ ಒಂದೊಂದೂ ಬೇರೆ ಕಡೆ ಮುಖ ಮಾಡಿ, ಇಲ್ಲಿಂದಲೂ ಹೋಗಬಹುದು, ಇಲ್ಲಿಂದಲೂ ಹೋಗಬಹುದು ಎಂದು ಹೇಳುತ್ತಿದ್ದವು. ಪಲ್ಲವಿ ಮರದ ಕೆಳಗೆ ಒಬ್ಬಳೇ ಕೂತು ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. "ನಿನಗೆ ಇನ್ನೊಂದು ವರ್ಷ ಐತೆ. ನಾನು ಕಲಿಸಿದ್ದನ್ನ ನಾನೇ ಬಿಡಿಸ್ತೀನಿ" ಅಂದೆ. "ನಿವೃತ್ತಿ ಆದ್ಮೇಲೆ?" ಅಂದಳು. "ಆದ್ಮೇಲೂ ಬರ್ತೀನಿ. ಮನೇಲಿ ನನಗೇನು ಕಡಿದು ಗುಡ್ಡೆ ಹಾಕೋ ಕೆಲಸ ಐತೆ?" ಅಂದೆ. ಅವಳು ಅಳುತ್ತಲೇ ಸ್ವಲ್ಪ ನಕ್ಕಳು.

ಶುಕ್ರವಾರ ಪ್ರಾಂಶುಪಾಲರು ಕರೆಸಿ, ಹೆಜ್ಜೆ ಮಡಚದವಳನ್ನು ಊರಿನ ಹೆಸರಿನಲ್ಲಿ ಕಳಿಸುವುದೇ ಎಂದು ಕೇಳಿದರು. ಹೌದು ಅಂದೆ. ಶೆಟ್ಟರಿಗೆ ಫೋನು ಮಾಡಿ, ಇಷ್ಟು ದಿನ ನಾನು ನಿಮಗೆ ಕಳಿಸಿದ್ದು ನನ್ನ ತಪ್ಪನ್ನು, ಹುಡುಗಿಯರದಲ್ಲ ಎಂದು ಹೇಳಿ ಹುಲಿಗೆಮ್ಮಳ ಹೆಸರು ಕೊಟ್ಟೆ. ಹಿಂತಿರುಗುವಿಕೆ ಹೇಗೆ ಎಂದು ಅವರು ಕೇಳಿದರು. ನೋಟುಬುಕ್ಕಿನಲ್ಲಿ ಕೆಂಪು ಗೆರೆಯ ಸೊನ್ನೆ ನನ್ನನ್ನೇ ನೋಡುತ್ತಿತ್ತು. "ಅದನ್ನು ಅಳೆಯೋಕೆ ನನಗೆ ಬರೋದಿಲ್ಲ ಶೆಟ್ಟರೆ, ನೀವೇ ಬಂದು ಹಿಡಿದು ನೋಡಿ" ಅಂದೆ. ಮರುವಾರ ಅವರು ಬಂದರು. ಮಂಡಿ ನೋವು ಮರೆತು ಅಂಕಣಕ್ಕಿಳಿದು, ಎರಡು ಸಲ ಮಣ್ಣು ಮುಕ್ಕಿ ಎದ್ದರು. "ಎಲ್ಲಿಟ್ಟಿದ್ರಿ ಮಾರಾಯ್ರೆ ಈ ಮಗುವನ್ನು?" ಅಂದರು. ಆಯ್ಕೆಯ ದಿನ ಅವರ ತಂಡ ಮೊದಲ ಸರದಿಯಲ್ಲೇ ಹುಲಿಗಿಯ ಹೆಸರು ಕೂಗಿತು.

ಅವಳು ಹೊರಡುವ ಹಿಂದಿನ ಮೂರು ದಿನ ಊರ ತುಂಬ ಓಡಾಡಿ ತನ್ನ ಹೆಜ್ಜೆಗಳನ್ನೆಲ್ಲ ಮಡಚಿದಳು. ಮನೆಮನೆಯವರೂ ನಿಲ್ಲಿಸಿ ಏನಾದರೂ ತಿನ್ನಲು ಕೊಡುತ್ತಿದ್ದರಿಂದ ಕೆಲಸ ನಿಧಾನವಾಯಿತು. ಹೊರಡುವ ಬೆಳಿಗ್ಗೆ ಈರಮ್ಮ ತನ್ನ ತಳ್ಳುಗಾಡಿಯನ್ನು ಬಸ್ ನಿಲ್ದಾಣದವರೆಗೂ ತಳ್ಳಿಕೊಂಡು ಬಂದಳು. ಅದರ ಮೇಲೆ ಮಗಳ ಚೀಲವಿತ್ತು. ನಾನು ಕೆರೆಯ ದಾರಿಯಲ್ಲಿ ಬಂದು ಸೇರಿಕೊಂಡೆ.

"ಇವ್ಳು ಯಾವತ್ತೂ ಹೋದ ದಾರೀಲಿ ಬಂದೋಳಲ್ಲ ಮೇಡಮ್ಮೋರೆ," ಅಂದಳು ಈರಮ್ಮ, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ. "ನಾನು ಯಾವ ದಾರಿ ಕಾಯ್ಲಿ ಹೇಳಿ?"

ಹುಲಿಗಿ ತಾಯಿಯ ಕೈ ಹಿಡಿದುಕೊಂಡು ನನ್ನ ಕಡೆ ನೋಡಿದಳು. "ಹೌದು ಮೇಡಂ, ನಾನು ಬೇರೆ ದಾರೀಲಿ ವಾಪಸ್ ಬಂದ್ರೆ?"

"ಬಾ. ಯಾವ ದಾರೀಲಾದ್ರೂ ಬಾ," ಅಂದೆ. "ಗೆದ್ದಾದ್ರೂ ಬಾ, ಸೋತಾದ್ರೂ ಬಾ. ಬಂದು ಅವ್ವನ ಮುಂದೆ ನಿಂತ್ಕೊ. ಹೆಜ್ಜೆ ಆಮೇಲೆ ಯಾವತ್ತಾದ್ರೂ ಮಡಚಿದ್ರಾಯ್ತು."

ಅವಳು ಗಾಡಿಯ ಮೇಲಿನ ಚೀಲ ಹೆಗಲಿಗೇರಿಸಿಕೊಂಡಳು. ಆಮೇಲೆ ನಿಲ್ದಾಣದ ಅಂಚಿನಲ್ಲಿ ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿದ್ದ ಕ್ಯಾನ್ವಾಸ್ ಬೂಟಿನ ಹೆಜ್ಜೆಯ ಕಡೆ ಕಣ್ಣು ಹಾಯಿಸಿ, "ಯಾವತ್ತಾದ್ರೂ ಅಂದ್ರೆ ನಲವತ್ತು ವರ್ಷನಾ ಮೇಡಂ?" ಅಂದಳು. ಹೊಡೆಯಲು ಕೈ ಎತ್ತಿದೆ. ಅವಳು ಎಡಕ್ಕೆ ಬಾಗಿ ತಪ್ಪಿಸಿಕೊಂಡು ಬಸ್ಸು ಹತ್ತಿದಳು.

ಬಸ್ಸಿನ ಧೂಳು ಕೂತ ಮೇಲೆ ಈರಮ್ಮ ಗಾಡಿ ತಿರುಗಿಸಿಕೊಂಡು ಹೊರಟಳು. ರತ್ನಮಾಲಾ ಕಿಟಕಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಆರುನೂರ ಹನ್ನೆರಡನೆಯ ಹೆಜ್ಜೆಯ ಮೇಲೆ ಕಾಲಿಟ್ಟೆ. ಕಾಲು ಸರಿಯಾಗಿ ಕೂರಲಿಲ್ಲ, ಐವತ್ತೊಂಬತ್ತರ ಪಾದ ಅಗಲವಾಗಿದೆ. ಆದರೂ ಮಣ್ಣು ಗುರುತು ಹಿಡಿಯಿತು. ಕಾಲೆತ್ತಿದಾಗ ಅಲ್ಲಿ ಏನೂ ಇರಲಿಲ್ಲ. ಮುಂದಿನದು ದೂರವಿತ್ತು. ಹತ್ತೊಂಬತ್ತರ ಹುಡುಗಿ ಎಂಥ ದಾಪುಗಾಲು ಹಾಕುತ್ತಿದ್ದಳು ಎಂದು ಮರೆತೇಹೋಗಿತ್ತು. ಒಂದೊಂದಕ್ಕೂ ಹಾರಬೇಕಾಯಿತು. ಹೂವಿನ ಬೀದಿಯ ತುದಿ ಮುಟ್ಟುವ ಹೊತ್ತಿಗೆ ಉಬ್ಬಸ ಬರುತ್ತಿತ್ತು. ಹೂವು ಕಟ್ಟುವವರು ಕೈಯಲ್ಲಿನ ನಾರನ್ನು ಹಾಗೇ ಹಿಡಿದುಕೊಂಡು ಬುಟ್ಟಿಗಳನ್ನು ಹಿಂದಕ್ಕೆ ಎಳೆದು ದಾರಿ ಬಿಟ್ಟರು. ಯಾರೋ ಮುದುಕಿ "ನಮ್ಮ ದಾಕ್ಷಿ ಬಂದ್ಲು ನೋಡ್ರೇ" ಅಂದಳು, ಅವತ್ತು ನನ್ನನ್ನು ಕಳಿಸಿಕೊಟ್ಟವರಲ್ಲಿ ಉಳಿದವಳು ಅವಳೊಬ್ಬಳೇ ಇರಬೇಕು. ಯಾರೂ ನಗಲಿಲ್ಲ. ಸೋತು ಬಂದೆಯಾ ಎಂದು ಯಾರೂ ಕೇಳಲಿಲ್ಲ. ನಲವತ್ತು ವರ್ಷ ನಾನು ಹೆದರಿದ್ದ ಬೀದಿ ಇದೇನಾ ಎಂದು ನನಗೇ ನಂಬಿಕೆಯಾಗಲಿಲ್ಲ.

ಮೊದಲನೆಯ ಹೆಜ್ಜೆ ನಮ್ಮ ಮನೆಯ ಹೊಸಿಲಿನ ಮುಂದೆ ಇದೆ. ಅದರ ಹತ್ತಿರ ಬಂದು ನಿಂತೆ. ಅದರ ಸುತ್ತ ನೆಲ ಒಂದು ಬಳೆಯ ಹಾಗೆ ಉಬ್ಬಿ ಬೆಳ್ಳಗಿತ್ತು. ನಮ್ಮವ್ವ ತೀರಿಕೊಂಡು ಹನ್ನೊಂದು ವರ್ಷ. ಅದಕ್ಕೂ ಹಿಂದಿನ ಇಪ್ಪತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಅವಳು ಇದರ ಸುತ್ತ ರಂಗೋಲಿ ಹಾಕುತ್ತಿದ್ದಳು. ನಾನು ಒಳಗೆ ಕೂತು ತಿಂಡಿ ತಿನ್ನುತ್ತಿದ್ದೆ, ಅವಳು ಹೊರಗೆ ಬಗ್ಗಿ ಇನ್ನೂ ಬರದ ಮಗಳಿಗೆ ರಂಗೋಲಿ ಬಿಡುತ್ತಿದ್ದಳು. ನನ್ನನ್ನು ಚುಚ್ಚುವುದಕ್ಕೆ ಮಾಡುತ್ತಾಳೆ ಎಂದುಕೊಂಡು ಎಷ್ಟು ಸಲ ಅವಳ ಮೇಲೆ ರೇಗಿದ್ದೆ. ಅವಳು ಮಾರನೆಯ ಬೆಳಿಗ್ಗೆ ಮತ್ತೆ ರಂಗೋಲಿ ಬಟ್ಟಲು ಹಿಡಿದು ಬಗ್ಗುತ್ತಿದ್ದಳು.

ಆ ಬಿಳಿಯ ಬಳೆಯೊಳಗೆ ಕಾಲಿಟ್ಟೆ. ಮಣ್ಣು ಬಿಟ್ಟುಕೊಟ್ಟಿತು. ನಲವತ್ತು ವರ್ಷದ ಮೇಲೆ ಮುಂಬಾಗಿಲು ದೂಡಿ ಒಳಗೆ ಹೋಗಿ, "ಅವ್ವಾ, ಬಂದೆ" ಅಂದೆ.